ಬಿಟ್ಟುಹೋದ ಹಕಾರ

ಅವನು ಸತ್ತದ್ದು ಮಂಗಳವಾರ.
ನನಗೆ ತಿಳಿದದ್ದು ಭಾನುವಾರ,
ಮೀನು ಸುತ್ತಿ ಕೊಟ್ಟ ಪತ್ರಿಕೆಯ ಮೂಲೆಯಲ್ಲಿ:
ಎರಿಬೆರ್ತೊ ಒಯಾರ್ಸೊ, ಅರವತ್ತೆಂಟು, ತಂಗಿಯೊಬ್ಬಳನ್ನು ಅಗಲಿದ್ದಾರೆ.
ಕೆಳಗೆ ಸಣ್ಣಕ್ಷರದಲ್ಲಿ,
ಗೆಳೆಯರಿಗೆ ‘ಮೂರನೇ ಲಂಗರು’ ಎಂದೇ ಪರಿಚಿತ.

ಗೆಳೆಯರಿಗೆ!
ನಾನು ಹನ್ನೊಂದು ವರ್ಷ ಅವನ ಹಗೆ.

ಪುಂತಾ ಅರೇನಾಸಿನ ಗಾಳಿಯಲ್ಲಿ
ಬೀದಿಯಲ್ಲಿ ನಿಂತು ಯಾರೂ ಜಗಳವಾಡುವುದಿಲ್ಲ,
ಅರ್ಧ ಬೈಗುಳ ಜಲಸಂಧಿಯ ಪಾಲು.
ಅದಕ್ಕೇ ಇರಬೇಕು, ಬಾಗಿಲು ಹಾಕಿ,
ಸೌದೆ ಒಲೆಗೆ ಬೆನ್ನು ಕೊಟ್ಟು,
ಬೆಳಗುವ ಗಾಜಿನ ಮೇಲೆ ಬೆರಳಲ್ಲೇ ಹೊಡೆದಾಡಿದೆವು,
ಮುಖ ಕಾಣದೆ, ಇಟ್ಟುಕೊಂಡ ಹೆಸರುಗಳಲ್ಲಿ.

ಯಾತಕ್ಕೆ? ಹೇಳಲು ನಾಚಿಕೆ.
ನಾವು ಹುಟ್ಟುವ ಮೊದಲೇ ಮುಳುಗಿದ ಒಂದು ಹಡಗು,
‘ಎದುವಿಗೆಸ್’, ಉಣ್ಣೆ ಮೂಟೆ ಹೊತ್ತು ಹೊರಟದ್ದು.
ತಪ್ಪು ಕಪ್ತಾನನದೋ, ದೀಪದ ಕಾವಲುಗಾರನದೋ.
ಕಾವಲುಗಾರ ನನ್ನ ಅಜ್ಜ.
ಈ ಮಾತನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಬಂದರಿನಲ್ಲಿ ಮೂವತ್ತು ವರ್ಷ ತೂಕದ ಗುಮಾಸ್ತೆ ನಾನು,
ಗ್ರಾಮಿನ ಲೆಕ್ಕ ತಪ್ಪಿದವಳಲ್ಲ.
ಮಾತನ್ನು ಮಾತ್ರ ತೂಗದೆ ಸುರಿದೆ.

ಅವನು ಹಕಾರ ನುಂಗುತ್ತಿದ್ದ.
ನಮ್ಮ ಸ್ಪ್ಯಾನಿಷಿನಲ್ಲಿ ಅದು ಸದ್ದಿಲ್ಲದ ಅಕ್ಷರ,
ಬರೆಯಬೇಕು, ನಾಲಗೆಗೆ ತರುವಂತಿಲ್ಲ.
ಹಸಿವು, ಮಗ, ಇವತ್ತು,
ಎಲ್ಲದರ ತಲೆಯ ಮೇಲೂ ಸುಮ್ಮನೆ ಕೂತಿರುತ್ತದೆ.
ಅವನು ಬಿಟ್ಟಾಗೆಲ್ಲ ನಾನು ಎತ್ತಿ ತೋರಿಸಿದೆ.
"ಹಡಗಿನ ಮಾತು ಆಮೇಲೆ,
ಮೊದಲು ಒಂದನೇ ಕ್ಲಾಸು ಮುಗಿಸು" ಎಂದೆ.
ಓದಿದವರು ನಕ್ಕರು.
ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸ್ಮಶಾನದ ಸೈಪ್ರೆಸ್ ಸಾಲಿನಲ್ಲಿ ತಂಗಿ ಹೇಳಿದಳು,
ನನ್ನನ್ನು ಯಾರೋ ಹಳೆಯ ಸಹೋದ್ಯೋಗಿ ಎಂದುಕೊಂಡು:
ಲಕ್ವ ಹೊಡೆದು ಬಲಗೈ ಬಿದ್ದು ಒಂಬತ್ತು ವರ್ಷ,
ಎಡಗೈಯ ಒಂದೇ ಬೆರಳು ಅವನದು,
ಒಂದೊಂದು ಅಕ್ಷರಕ್ಕೂ ಬೆವರು.
"ಸದ್ದಿಲ್ಲದ್ದನ್ನು ಯಾಕೆ ಹೊತ್ತು ತರಲಿ ಅನ್ನುತ್ತಿದ್ದ.
ಒಬ್ಬಳಿದ್ದಳಂತೆ, ದಿನಾ ತಿದ್ದುತ್ತಿದ್ದಳಂತೆ.
ಅವಳು ಬರೆಯದ ದಿನ ಅಣ್ಣ ಸರಿಯಾಗಿ ಉಣ್ಣುತ್ತಿರಲಿಲ್ಲ."

ನಾನು ಟೋಪಿ ಸರಿಪಡಿಸಿಕೊಂಡೆ.

ದ್ರಾಗೊ ವಿಯೋಲಿಚ್ ಅವನಿಗಿಂತ ಮೊದಲೇ ಹೋದ.
‘ಕಹಿ ಉಪ್ಪು’ ಎಂದು ಸಹಿ ಹಾಕುತ್ತಿದ್ದವ,
ನನ್ನನ್ನು ಮುದಿ ಸೀಲ್ ಎಂದವ.
ಮಗ ಜೈಲಿನಲ್ಲಿ, ದೋಣಿ ಬ್ಯಾಂಕಿನವರ ಬೀಗದಲ್ಲಿ,
ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರದ ಪಕ್ಕ
ನಾಲ್ಕು ಗಂಟೆ ಅಲುಗದೆ ಮಲಗಬೇಕಿತ್ತಂತೆ.
ಈಗ ಹಳೆಯದನ್ನೆಲ್ಲ ತೆಗೆದು ನೋಡುತ್ತೇನೆ:
ಸೋಮವಾರ, ಬುಧವಾರ, ಶುಕ್ರವಾರ,
ಎರಡರಿಂದ ಆರರ ನಡುವೆ,
ಅತಿ ಕೆಟ್ಟ ಬೈಗುಳಗಳೆಲ್ಲ ಆ ಹೊತ್ತಿನವು.

ಅವನ ಸುದ್ದಿ ಬಂದಾಗ, ಸುಳ್ಳು ಹೇಳಬಾರದು,
ಮೊದಲು ಬಂದದ್ದು ಅಳುವಲ್ಲ.
ಹಲ್ಲಿನ ಸಂದಿಯ ಸಕ್ಕರೆಯಂಥ ಸಣ್ಣ ಗೆಲುವು:
ಕೊನೆಯ ಮಾತು ನನ್ನದೇ ಉಳಿಯಿತು.
ಅದು ಕಹಿಯಾಗಲು ಎರಡು ದಿನ ಬೇಕಾಯಿತು.

ಎಲ್ಸೀರಾ ಇದ್ದಾಳೆ. ಗಡಿಯಾಚೆ, ರಿಯೊ ಗಯೇಗೊಸಿನಲ್ಲಿ,
ಮನೆ ಸುಟ್ಟಮೇಲೆ
ತಮ್ಮನ ಗ್ಯಾರೇಜಿನ ಹಿಂದೆ, ಟಯರುಗಳ ನಡುವೆ.
ಬೇರೆ ಹೆಸರಲ್ಲಿ ಹಣ ಕಳಿಸಿದೆ, ಎರಡು ಸಾಲು ಬರೆದು.
ತಿರುಗಿ ಬಂತು, ಚೀಟಿಯ ಸಮೇತ:
"ನಿನ್ನ ಅಲ್ಪವಿರಾಮಗಳನ್ನು ಎಲ್ಲಿದ್ದರೂ ಗುರುತಿಸುತ್ತೇನೆ, ಹಂದಿ."
ಎಷ್ಟು ಹಾಯೆನಿಸಿತು!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ.
ಬರೆದದ್ದು ಹೋಗುವುದಿಲ್ಲ,
ಬರೆದವರು ಹೋಗುತ್ತಾರೆ.

ಈ ವಾರ ಕಲ್ಲು ನಿಲ್ಲಿಸಿದರು.
ಎರಿಬೆರ್ತೊ. ಆ ಹೆಸರಿನ ತಲೆಯಲ್ಲೂ ಅದೇ ಅಕ್ಷರ,
ತಂಗಿ ಬಿಡದೆ ಕೆತ್ತಿಸಿದ್ದಾಳೆ:
ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ,
ಕುರಿ ದಾಟುವ ಬೇಲಿಯಂತೆ.
ತಿದ್ದಲು ಏನೂ ಇರಲಿಲ್ಲ.

ಮನೆಗೆ ಬಂದು ಒಲೆ ಹಚ್ಚಿದೆ.
ಅಜ್ಜ ಆ ರಾತ್ರಿ ಕುಡಿದಿದ್ದ.
ಅಜ್ಜಿ ಸಾಯುವಾಗ ಹೇಳಿದ್ದಳು, ದೀಪ ಆರಿತ್ತು ಎಂದು.
ಮೂರನೇ ಲಂಗರೇ, ನೀನು ಹೇಳಿದ್ದೇ ಸರಿ.
ಬರೆದೆ, ಎಡಗೈಯಲ್ಲಿ, ಒಂದೇ ಬೆರಳಿನಲ್ಲಿ.
ನಾಲ್ಕು ಸಾಲಿಗೆ ಮುಕ್ಕಾಲು ಗಂಟೆ.
ಎಲ್ಲೂ ಹಕಾರ ಹಾಕಲಿಲ್ಲ.

ಬೆಳಗ್ಗೆ ಎಲ್ಸೀರಾ ನೋಡಿದರೆ ಬಿಡುವವಳಲ್ಲ.
ಕಾಯುತ್ತಿದ್ದೇನೆ.