ಹನ್ನೆರಡು ಸಾಲು

ಪೆನೀಶ್ ಬಂದರಿನಲ್ಲಿ, ಬಲೆ ಮಾರುವ ಅಂಗಡಿಯ ಮೇಲಟ್ಟದಲ್ಲಿ
ನಾಲ್ಕೇ ಜನರ ಕಂಪನಿ.
ಮೀನು ಹರಾಜಿನ ತಕ್ಕಡಿಗೆ ಸಾಫ್ಟ್‌ವೇರ್ ಬರೆಯುತ್ತಾರೆ.
ನಾನು ಲಿಸ್ಬನ್ನಿನ ಬಸ್ಸಿಳಿದು ಬಂದವಳು,
ಕಂಕುಳಲ್ಲಿ ಅರವತ್ತನಾಲ್ಕು ಪುಟದ ಕೈಪಿಡಿ:
ಸಣ್ಣ ಕಂಪನಿಗಳು ಸುಧಾರಿಸುವ ಬಗೆ.

ತಲೆಗೆ ಹದಿನಾರು ಪುಟ ಎಂದು
ಬಾಲ್ತಸಾರ್ ಲೆಕ್ಕ ಹಾಕಿ ನಕ್ಕ.
ನಾನೂ ನಕ್ಕೆ, ತುಸು ತಡವಾಗಿ.

ಅವರ ಫೈಲುಗಳ ಹೆಸರು:
ಕೊನೆಯದು, ಕೊನೆಯದು ಎರಡು, ಇದೇ ಕೊನೆಯದು,
ದೇವರಾಣೆ ಕೊನೆಯದು.
ಇವುಗಳಲ್ಲಿ ಬಂದರಿನಲ್ಲಿ ಓಡುತ್ತಿರುವುದು ಯಾವುದು ಎಂದರೆ
ಮೂವರೂ ದೆಲ್ಫಿಮನ ಕಡೆ ನೋಡುತ್ತಾರೆ.
ದೆಲ್ಫಿಮ್ ಹಣೆ ಮುಟ್ಟಿ ತೋರಿಸುತ್ತಾನೆ: ಇಲ್ಲಿದೆ.

ಶುಕ್ರವಾರ ರಾತ್ರಿ ಅವನೊಬ್ಬನೇ ಕೂತು ಹೊಸದನ್ನು ಏರಿಸುತ್ತಾನೆ.
ಉಳಿದವರು ಉಸಿರು ಬಿಗಿ ಹಿಡಿದಿರುತ್ತಾರೆ.
ಹೋದ ತಿಂಗಳು ಒಂದು ಚುಕ್ಕಿ ಜಾರಿ
ಮೂವತ್ತು ಕಿಲೋ ಬೂತಾಯಿ ಮುನ್ನೂರಾಯಿತಂತೆ.
ದೋಣಿಯವರು ಮಾತ್ರ ದೂರು ಕೊಡಲಿಲ್ಲ.

ಕಡಲಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿತ್ತು.
ಕೈಪಿಡಿಯನ್ನು ಅದಕ್ಕೆ ಒತ್ತುಕೊಟ್ಟೆ,
ಆ ಊರಿಗೆ ಅದರಿಂದಾದ ಮೊದಲ ಉಪಕಾರ.
ದೆಲ್ಫಿಮನ ಪಕ್ಕ ಕುರ್ಚಿ ಎಳೆದು ಕೇಳಿದೆ:
ಮೊದಲು ಏನು ಮಾಡುತ್ತೀ? ಆಮೇಲೆ? ಆಮೇಲೆ?
ಕತೆ ಕೇಳುವ ಮಗುವಿನ ಹಾಗೆ.
ಸಂಜೆಗೆ ಹನ್ನೆರಡು ಸಾಲಾಯಿತು.
ಕಾಫಿ ಯಂತ್ರದ ಮೇಲೆ ಅಂಟಿಸಿದೆವು.

ಏಪ್ರಿಲಿನಲ್ಲಿ ಅವನಿಗೆ ಅಪೆಂಡಿಕ್ಸ್.
ಆ ಶುಕ್ರವಾರ ಹೆರ್ಮೀನಿಯಾ ಕೂತಳು,
ಎಡಗೈ ಬೆರಳು ಸಾಲಿನ ಮೇಲೆ, ಬಲಗೈ ಕೀಲಿಮಣೆಯ ಮೇಲೆ.
ನಲವತ್ತು ನಿಮಿಷ. ತಕ್ಕಡಿ ನಿಜ ನುಡಿಯಿತು.
ಹಿಗ್ಗಿನಲ್ಲಿ ಆಸ್ಪತ್ರೆಗೇ ಫೋನು ಹಚ್ಚಿದರು.
ಆ ಕಡೆ ಬಹಳ ಹೊತ್ತು ಸದ್ದಿಲ್ಲ.
ಆಮೇಲೆ: 'ಹಾಗಾದರೆ ನಾನು ಬೇಡವೇ?'

ಕೈಪಿಡಿಯಲ್ಲಿ ಇದಕ್ಕೆ ಉತ್ತರವಿಲ್ಲ.
ನಿಜಕ್ಕೂ ಹುಡುಕಿದೆ,
ಅನುಬಂಧದಲ್ಲೂ.

ಮತ್ತೆ ನಾನು ಹೋದ ದಿನವೇ ಅವನು ಕೆಲಸಕ್ಕೆ ಮರಳಿದ್ದ.
ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು
ಆ ಹಾಳೆಯ ಮುಂದೆ ನಿಂತ, ಕಾಫಿ ಆರುವವರೆಗೆ.
ಕೊನೆಗೆ ಕೆಳಗಡೆ ಬರೆದ:

'೧೩. ಹರಾಜುಕಟ್ಟೆಯ ಇಡಲೀನಾ ಅಮ್ಮನಿಗೆ ಮುಂಚೆಯೇ ಹೇಳಿ.
ಎಡಗಣ್ಣಿಗೆ ಪೊರೆ ಬಂದಿದೆ.
ಪರದೆಯಲ್ಲಿ ಅಂಕಿ ಜಾಗ ಬದಲಿಸಿದರೆ ಕಾಣಿಸುವುದಿಲ್ಲ.
ಬಾಯಿಬಿಟ್ಟು ಕೇಳಲು ಅವರಿಗೆ ನಾಚಿಕೆ.'

ಯಾರಿಗೂ ಗೊತ್ತಿರಲಿಲ್ಲ.
ಹೆರ್ಮೀನಿಯಾ ಎರಡು ಸಲ ಓದಿ ಪೆನ್ನು ಕೇಳಿ ಇಸಕೊಂಡಳು,
ಹದಿಮೂರನ್ನು ಹೊಡೆದು
ಒಂದು ಎಂದು ಬರೆದಳು.

ಉಳಿದ ಅಂಕಿಗಳನ್ನೆಲ್ಲ ತಿದ್ದಬೇಕಾಯಿತು.
ನನ್ನ ಬಸ್ಸು ತಪ್ಪಿತು.