ಸೀಮೆಸುಣ್ಣದವನ ಲೆಕ್ಕ

ಮಾರಿಕುಪ್ಪಂ ಕ್ಲಬ್ಬಿನಲ್ಲಿ
ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದವನು ನಾನು.
ಐನೂರ ಒಂದರಿಂದ ಕಳೆಯುತ್ತ ಹೋಗುವುದು, ಅಷ್ಟೇ ಕೆಲಸ.
ಸೊನ್ನೆಗೆ ಮೊದಲು ಇಳಿದವನು ಗೆದ್ದ.
ಇಳಿಯುವುದನ್ನು ಗಣಿಯ ಊರಿಗೆ
ಯಾರೂ ಹೇಳಿಕೊಡಬೇಕಿರಲಿಲ್ಲ.

ಅರುಳಪ್ಪ ಎಸೆದರೆ ನೂರ ಎಂಬತ್ತು.
ಮತ್ತೆ ನೂರ ಎಂಬತ್ತು.
ನನ್ನ ಕಳೆಯುವ ಲೆಕ್ಕ ಮುಗಿಯುವ ಮೊದಲೇ
ಬಾಣ ಕಿತ್ತು ಮೊನೆ ಒರೆಸುತ್ತಿದ್ದ, ಅಂಗಿಯ ಅಂಚಿಗೆ.
ಪುಣೆ, ಕೋಲ್ಕತ್ತ, ಒಂದು ಸಲ ದುಬೈ.
ಗೆದ್ದು ತಂದ ಕಪ್ಪುಗಳಲ್ಲಿ ರೀಟಾ
ಕರೆಂಟ್ ಬಿಲ್ಲು, ಪಿನ್ನು, ಏಲಕ್ಕಿ ಇಡುತ್ತಿದ್ದಳು.

ನಲವತ್ತೊಂದಕ್ಕೆ ಕೈ ಬಿಡಲೊಲ್ಲೆ ಎಂದಿತು.
ಮೊಣಕೈ ಮಡಿಚುತ್ತದೆ, ಕಣ್ಣು ಗುರಿ ಹಿಡಿಯುತ್ತದೆ,
ಬೆರಳು ಮಾತ್ರ
ಮೊದಲ ದಿನದ ಶಾಲೆಯ ಗೇಟಿನಲ್ಲಿ
ಅಮ್ಮನ ಸೆರಗು ಹಿಡಿದ ಮಗು.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು,
ಏನೂ ಇಲ್ಲವಲ್ಲ, ಅಂದರು.

ಬಂಗಾರಪೇಟೆಯ ಪಂದ್ಯ. ಮೂವತ್ತೆರಡು ಬಾಕಿ.
ಡಬಲ್ ತಪ್ಪಿ ಹದಿನಾರು.
ತಪ್ಪಿ ಎಂಟು.
ತಪ್ಪಿ ನಾಲ್ಕು.
ಎದುರಾಳಿ, ಮೀಸೆ ಚಿಗುರದ ಹುಡುಗ,
ತನ್ನ ಸರದಿಯನ್ನು ಬೇಕೆಂದೇ ಕೆಡಿಸಿಕೊಂಡ.
ಅದು ಅರುಳಪ್ಪನಿಗೂ ಕಂಡಿತು.
ಎರಡು.
ಆಮೇಲಿನ ಬಾಣ ಒಂದರ ಮನೆಗೆ.

ಒಂದು ಉಳಿದರೆ ಆಟದಲ್ಲಿ ಮುಗಿಸುವ ದಾರಿಯಿಲ್ಲ.
ಆ ಸರದಿಯನ್ನೇ ಒರೆಸಿ
ಹಿಂದಿನ ಅಂಕಿ ಬರೆಯಬೇಕು. ಬರೆದೆ.
ತಿರುಗಿ ನೋಡಿದರೆ ಗೆರೆಯ ಹತ್ತಿರ ಯಾರೂ ಇಲ್ಲ,
ಮೇಜಿನ ಮೇಲೆ ಅವನ ಮೂರನೇ ಬಾಣ.

ಈಗ ರಾಬರ್ಟ್‌ಸನ್‌ಪೇಟೆಯಲ್ಲಿ
ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ.
ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾನೆ,
ಒಂದೇ ಸಲಕ್ಕೆ.
ಹಾದುಹೋಗುವಾಗ ಕೂಗುತ್ತೇನೆ: ಎಷ್ಟು ಬಾಕಿಯಪ್ಪಾ?
ನಾಲ್ಕು, ಅನ್ನುತ್ತಾನೆ,
ತಲೆಯೆತ್ತದೆ.