ಏರಲು ಇಪ್ಪತ್ತು ತೆತ್ರಿ

ಶನಿವಾರ ಬೆಳಗ್ಗೆ ನಾನು ಚಿಲ್ಲರೆ ಎಣಿಸುತ್ತೇನೆ,
ಮೂವತ್ತೊಂದು ವರ್ಷದಿಂದ.
ತ್ಬಿಲಿಸಿಯ ಆರುನೂರ ನಲವತ್ತು ಲಿಫ್ಟುಗಳ ಹೊಟ್ಟೆಯೊಳಗಿನ ನಾಣ್ಯ
ಹಿಟ್ಟಿನ ಚೀಲಗಳಲ್ಲಿ ಬಂದು ಬೀಳುತ್ತದೆ;
ಮೇಜು ನರಳುತ್ತದೆ, ಬೆರಳು ಕಪ್ಪಾಗುತ್ತದೆ,
ಕುಡಿದ ಚಹಾ ಕೂಡ ಕಬ್ಬಿಣ ಕಬ್ಬಿಣ.

ಕರೆಂಟು ಬಂದ ದಿನವೇ ಹಬ್ಬ ಎನ್ನುವಂಥ ಕಾಲದಲ್ಲಿ
ಜೆಮಾಲ್ ಶುರು ಮಾಡಿದ್ದು ಇದನ್ನ.
ಲಿಫ್ಟು ಯಾರದ್ದೂ ಅಲ್ಲ, ಕೆಟ್ಟರೆ ಯಾರ ತಪ್ಪೂ ಅಲ್ಲ.
ಅವನೊಂದು ತಗಡಿನ ಡಬ್ಬಿ ಬೆಸೆದು ಒಳಗೋಡೆಗೆ ಬಡಿದ:
ಕಾಸು ಹಾಕು, ಏರು.
ಇಳಿಯುವುದು ಪುಕ್ಕಟೆ.
ಕಾರ್ಯತಂತ್ರ ಅಂದರೆ ಅಷ್ಟೇ,
ಆ ಪದ ನಮ್ಮ ಮಹಡಿಗಿನ್ನೂ ಹತ್ತಿರಲಿಲ್ಲ.

ಈಗ ಹತ್ತಿದೆ. ಸೂಟು ತೊಟ್ಟು ಬಂದಿದೆ.
ದುಡ್ಡು ಹೂಡುವವರು ಕಳಿಸಿದ ಹುಡುಗ, ತೊರ್ನಿಕೆ,
ಬಿಳಿ ಹಲಗೆಯ ಮೇಲೆ ನಾಲ್ಕು ಮನೆ ಗೀಚಿದ.
ಒಂದರಲ್ಲಿ ನಕ್ಷತ್ರ, ಒಂದರಲ್ಲಿ ಹಸು,
ಒಂದರಲ್ಲಿ ಬರೀ ಪ್ರಶ್ನೆಚಿಹ್ನೆ, ಕೊನೆಯದರಲ್ಲಿ ನಾಯಿ.
ನುತ್ಸುಬಿಡ್ಜೆ ದಿಣ್ಣೆಯ ಎತ್ತರದ ಕಟ್ಟಡಗಳು ಹಸು, ಕರೆಯುತ್ತಲೇ ಇರಿ.
ಕಾರ್ಡು ತಿಕ್ಕುವ ಹೊಸ ಯಂತ್ರ ನಕ್ಷತ್ರ.
ಬತೂಮಿಯ ಸಮುದ್ರದಂಚಲ್ಲಿ ಅಣಬೆಯಂತೆ ಏಳುತ್ತಿವೆ ಗೋಪುರ,
ಅಲ್ಲಿಗೆ ಹೋದರೆ ಹೇಗೆ? ಅದು ಪ್ರಶ್ನೆ.
ಗ್ಲ್ದಾನಿಯ ಹದಿನೇಳು ಮಾತ್ರ ನಾಯಿ.
"ನಾಯಿ ಸಾಕಿ ಬೆಳೆದ ಕಂಪನಿಯಿಲ್ಲ" ಅಂದ.
ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ನಮ್ಮ ಬೀದಿನಾಯಿ
ಮೇಜಿನಡಿ ಮಗ್ಗುಲು ಬದಲಿಸಿತು.

ಕೆಟ್ಟ ಹುಡುಗನಲ್ಲ. ನಿದ್ದೆಗೆಟ್ಟ ಕಣ್ಣು, ಕಚ್ಚಿದ ಉಗುರು.
ಎದುರಾಳಿ ದಾಟದ ಹಾಗೆ ಸುತ್ತ ಕಂದಕ ಬೇಕು ಅಂದ.
ನಿಮ್ಮ ಮೂಲಬಲ ಏನು ಹೇಳಿ ಅಂದ.
ಜೆಮಾಲ್ ಮೀಸೆ ಸವರಿ,
"ಇವತ್ತು ಕೆಟ್ಟಿದ್ದನ್ನ ಇವತ್ತೇ ಸರಿಮಾಡುವುದು" ಅಂದ.
ಹುಡುಗ ಬರೆದುಕೊಂಡ,
ಆಮೇಲೆ ಅದಕ್ಕೊಂದು ಉದ್ದನೆ ಹೆಸರಿಟ್ಟ.

ಗೀಟೆಳೆದ. ಐದು ವರ್ಷ, ಎಡಗಡೆಯ ತಳದಿಂದ
ಬಲಗಡೆಯ ತುದಿಗೆ ಒಂದೇ ಉಸಿರು.
ಬಾಗಿಲಲ್ಲಿ ಗ್ರೀಸು ಒರೆಸುತ್ತ ನಿಂತ ಮೆಕ್ಯಾನಿಕ್ ಗೋಚಾ ಕೇಳಿದ:
"ಪೆಟ್ಟಿಗೆ ಮೇಲೇರಿದರೆ ಗೋಡೆಯ ಹಿಂದೆ
ಹೆಚ್ಚುಕಮ್ಮಿ ಅಷ್ಟೇ ತೂಕದ ಕಬ್ಬಿಣ ಕೆಳಗಿಳಿಯುತ್ತದೆ.
ನಿನ್ನ ಚಿತ್ರದಲ್ಲಿ ಅದೆಲ್ಲಿ?"
ಹುಡುಗ ಹಲಗೆ ನೋಡಿದ. ತುಂಬ ಹೊತ್ತು.
"ಹಾಳೆಯ ಹೊರಗಿದೆ."
ಸುಳ್ಳು ಹೇಳಲಿಲ್ಲ. ಅದನ್ನು ಜಮೆಗೆ ಹಿಡಿದೆ.

ಆಮೇಲೆ ನನ್ನ ಖಾತೆಪುಸ್ತಕದ ಮೇಲೆ ಬಂತು ಬೆರಳು.
"ಇದೇನು, ಇತರೆ? ಸಂಖ್ಯೆ ಇದೆ, ಮೊತ್ತ ಇಲ್ಲ?"
ಗುಂಡಿ, ಅಂದೆ.
ಗ್ಲ್ದಾನಿಯ ಒಂಬತ್ತನೇ ಕಟ್ಟಡದಲ್ಲಿ ಯಾರೋ
ಹನ್ನೊಂದು ವರ್ಷದಿಂದ ಕಾಸಿಗೆ ಬದಲು ಕೋಟಿನ ಗುಂಡಿ ಹಾಕುತ್ತಾರೆ,
ಇಪ್ಪತ್ತು ತೆತ್ರಿಯ ಅಳತೆಗೆ ಉಜ್ಜಿ, ಹಿಂಬದಿಯ ಕೊಕ್ಕೆ ಕತ್ತರಿಸಿ.
ವಾರಕ್ಕೆ ಆರು. ಭಾನುವಾರ
ಮೆಟ್ಟಿಲು ಹತ್ತುತ್ತಾರೋ, ಇಳಿಯುವುದೇ ಇಲ್ಲವೋ.
ಮುಚ್ಚಿಹೋದ ಸಮವಸ್ತ್ರದ ಕಾರ್ಖಾನೆಯ ಮಾಲಿರಬೇಕು,
ಕೊನೆಯ ಸಂಬಳ ಗುಂಡಿಯಲ್ಲೇ ಕೊಟ್ಟರೋ ಏನೋ.
ನಾವು ಹುಡುಕಲು ಹೋಗಿಲ್ಲ.
ಮೂರು ಜಾಡಿ ತೆಗೆದು ತೋರಿಸಿದೆ.
ಒಂದನ್ನೆತ್ತಿ ಬೆಳಕಿಗೆ ಹಿಡಿದ: ಹಿತ್ತಾಳೆ, ನಡುವೆ ಸವೆದ ನಕ್ಷತ್ರ.
"ಇದು ಆದಾಯ ಅಲ್ಲ."
ನಷ್ಟವೂ ಅಲ್ಲ, ಅಂದೆ. ಅದಕ್ಕೇ ಇತರೆ.

ಸಂಜೆ ಜೆಮಾಲ್ ಸಹಿ ಹಾಕಿದ. ಹಾಕದೆ ಗತಿಯಿರಲಿಲ್ಲ,
ಉಕ್ಕಿನ ಹಗ್ಗಕ್ಕೆ ಈಗ ಮೂರು ಪಟ್ಟು ಬೆಲೆ.
ಆರುನೂರ ಇಪ್ಪತ್ತಮೂರಕ್ಕೆ ಕಾರ್ಡು.
ಹದಿನೇಳರ ಮುಂದೆ ಹುಡುಗ ಬರೆದ: ಮುಂದಿನ ಪರಿಶೀಲನೆಯವರೆಗೆ.
ತಾರೀಕಿನ ಜಾಗ ಖಾಲಿ ಬಿಟ್ಟ.
ಮರೆತನೋ, ಬಿಟ್ಟನೋ, ನಾನು ಕೇಳಲಿಲ್ಲ.

ನಮ್ಮದು ಹತ್ತನೇ ಮಹಡಿ.
ಹೊರಟವನು ಜೇಬು ತಡವಿ, ಚಿಲ್ಲರೆ ಇಲ್ಲವಲ್ಲ ಅಂದ.
ಇಳಿಯಲು ಬೇಡಪ್ಪ, ಅಂದೆ.
ಬಾಗಿಲು ಮುಚ್ಚಿತು.
ಗೋಡೆಯ ಹಿಂದೆ
ಭಾರವಾದದ್ದೇನೋ
ಮೇಲೆ ಬರುವ ಸದ್ದು.